ವೈಸರ್ ತಿಳಿಯಾಯಿತು, ಕನ್ನಡಕ ಮಬ್ಬಾಯಿತು: ಹೆಲ್ಮೆಟ್ ಒಳಗಿನ ಹಬೆಯ ಒಂದು ಪ್ರಕರಣ ಅಧ್ಯಯನ

ಹೆಲ್ಮೆಟ್‌ನ ವೈಸರ್‌ಗೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಮುಚ್ಚಳಕ್ಕೆ, ಹಬೆ ಕೂರಬಾರದೆಂದು ಪಿನ್‌ಲಾಕ್ ಎಂಬ ಒಳಲೆನ್ಸ್ ಹಾಕಿಸಿಕೊಂಡ ಮೇಲೆ ಕನ್ನಡಕಕ್ಕೆ ಮೊದಲಿಗಿಂತ ಹೆಚ್ಚು ಹಬೆ ಕೂರಲು ಶುರುವಾದ ಪ್ರಕರಣ ಇದು. ಪಿನ್‌ಲಾಕ್‌ನಲ್ಲಿ ದೋಷವೇನೂ ಇರಲಿಲ್ಲ. ವೈಸರ್ ತಿಳಿನೀರಿನಂತೆ ಸ್ವಚ್ಛವಾಗಿಯೇ ಇತ್ತು. ಆದರೂ ಸವಾರರಿಗೆ ರಸ್ತೆ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಬೈಕ್ ಓಡಿಸುವ ಬಹಳ ಮಂದಿ ಇದೇ ಹಂತಕ್ಕೆ ಬಂದು ನಿಲ್ಲುತ್ತಾರೆ. ಒಂದು ಸ್ಪ್ರೇ ಫಲಿಸಲಿಲ್ಲವೆಂದು ಇನ್ನೊಂದು, ಅದೂ ಆಗಲಿಲ್ಲವೆಂದು ಮತ್ತೊಂದು ಹುಡುಕುತ್ತಾ ಹೋಗುತ್ತಾರೆ. ಅವರಿಗೆ ಉಪಯೋಗವಾದೀತೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸವಾರರು ಬೆಳಗಿನ ಪಾಳಿಯಲ್ಲಿ ಕೆಲಸ ಮಾಡುವ ಮಹಿಳೆ. ನಸುಕಿನಲ್ಲೇ ಮನೆ ಬಿಡುತ್ತಾರೆ. ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ ಪವರ್ ಇದೆ. ಕನ್ನಡಕ ತೆಗೆದರೆ ಮುಂದಿನ ವಾಹನದ ನಂಬರ್ ಪ್ಲೇಟ್ ಹಾಗಿರಲಿ, ಆ ವಾಹನ ಎಷ್ಟು ದೂರದಲ್ಲಿದೆ ಎಂಬ ಅಂದಾಜೂ ಸಿಗುವುದಿಲ್ಲ. ಹೆಲ್ಮೆಟ್ ಮುಖವನ್ನು ಪೂರ್ತಿ ಮುಚ್ಚುವಂಥದ್ದು, ಅಳತೆಗೆ ಸರಿಯಾದದ್ದು. ದಾರಿಯ ಮೊದಲ ಭಾಗ ಹೊಳೆಯ ಪಕ್ಕದಲ್ಲಿ ಸಾಗುತ್ತದೆ, ಚಳಿಗಾಲದಲ್ಲಿ ಅಲ್ಲಿ 8 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಗಾಳಿಯಲ್ಲಿ ತೇವ ಧಾರಾಳ. ಆಮೇಲೆ ಸಿಗ್ನಲ್ ಮೇಲೆ ಸಿಗ್ನಲ್ ಬರುವ ಪೇಟೆಯ ರಸ್ತೆ.

ಪಿನ್‌ಲಾಕ್ ಹಾಕಿಸುವ ಮೊದಲು ಪ್ರತಿ ಸಿಗ್ನಲ್‌ನಲ್ಲೂ ವೈಸರ್ ಮಬ್ಬಾಗುತ್ತಿತ್ತು. ಅವರು ವೈಸರ್ ಎತ್ತುತ್ತಿದ್ದರು, ಗ್ಲೌಸ್ ಹಾಕಿದ ಬೆರಳಿನಿಂದ ಒಳಮೈ ಒರೆಸುತ್ತಿದ್ದರು, ಹಸಿರು ದೀಪ ಬಂದಾಗ ಮುಚ್ಚುತ್ತಿದ್ದರು. ಹೀಗೆ ಒರೆಸಿ ಒರೆಸಿ ವೈಸರ್ ಒಳಮೈ ತುಂಬ ಸೂಕ್ಷ್ಮ ಗೀರುಗಳಾಗಿದ್ದವು, ಎದುರಿನಿಂದ ಬರುವ ಹೆಡ್‌ಲೈಟ್ ಆ ಗೀರುಗಳಿಗೆ ಬಿದ್ದು ನಕ್ಷತ್ರದಂತೆ ಒಡೆಯುತ್ತಿತ್ತು. ಹೊಸ ವೈಸರ್, ಅದರೊಳಗೆ ಪಿನ್‌ಲಾಕ್ ಹಾಕಿಸಿದರು. ಕೆಲವೇ ದಿನಗಳಲ್ಲಿ ನನ್ನ ಬಳಿ ಬಂದು ಹೇಳಿದ ಮಾತು: "ವೈಸರ್ ಸರಿಹೋಯ್ತು ಸರ್, ಈಗ ಕನ್ನಡಕಾನೇ ಕಾಣಿಸ್ತಿಲ್ಲ. ಇದಕ್ಕೂ ಏನಾದ್ರೂ ಅಂಟಿಸೋಕೆ ಆಗುತ್ತಾ?"

ಲೆಕ್ಕ ಏನು ಹೇಳುತ್ತದೆ

ಏನನ್ನಾದರೂ ಅಂಟಿಸುವ, ಬಳಿಯುವ ಮೊದಲು ಹಬೆಯ ಲೆಕ್ಕ ನೋಡಲೇಬೇಕು ಎಂಬುದು ನನ್ನ ನಿಲುವು. ಹೊರಬಿಡುವ ಉಸಿರು ಸುಮಾರು 34 ಡಿಗ್ರಿ ಬಿಸಿಯಿರುತ್ತದೆ, ಹಿಡಿಸುವಷ್ಟೂ ನೀರಾವಿಯನ್ನು ತುಂಬಿಕೊಂಡಿರುತ್ತದೆ. ಅಂದರೆ ಒಂದು ಘನ ಮೀಟರ್ ಉಸಿರಿನಲ್ಲಿ ಹೆಚ್ಚುಕಡಿಮೆ 37 ಗ್ರಾಂ ನೀರು. ಅದೇ ಗಾಳಿ 10 ಡಿಗ್ರಿಗೆ ತಣ್ಣಗಾದರೆ 9.4 ಗ್ರಾಂಗಿಂತ ಹೆಚ್ಚು ಆವಿಯನ್ನು ಹಿಡಿದಿಡಲಾರದು. ಮಿಕ್ಕದ್ದು ಹತ್ತಿರದಲ್ಲಿ ಯಾವ ತಣ್ಣನೆಯ ಮೈ ಸಿಗುತ್ತದೋ ಅಲ್ಲಿ ಹನಿಯಾಗಿ ಕೂರುತ್ತದೆ. ಗಾಳಿಯಲ್ಲಿರುವ ಆವಿ ಹನಿಯಾಗಲು ಶುರುವಾಗುವ ಉಷ್ಣಾಂಶವೇ ಇಬ್ಬನಿ ಬಿಂದು. ಮೇಲ್ಮೈ ಅದಕ್ಕಿಂತ ತಣ್ಣಗಿದ್ದರೆ ಮಬ್ಬು, ಬೆಚ್ಚಗಿದ್ದರೆ ತಿಳಿ.

ಈಗ ಈ ಸವಾರರ ನಸುಕನ್ನೇ ತೆಗೆದುಕೊಳ್ಳೋಣ. ಹೊರಗೆ 8 ಡಿಗ್ರಿ, ಆರ್ದ್ರತೆ ಶೇಕಡ 90. ಅಂಥ ಗಾಳಿಯ ಒಂದು ಘನ ಮೀಟರ್‌ನಲ್ಲಿ ಏಳೂವರೆ ಗ್ರಾಂಗೆ ತುಸು ಕಡಿಮೆ ಆವಿ. ಹೆಲ್ಮೆಟ್ ಒಳಗೆ ಒಂದು ಪಾಲು ಉಸಿರಿಗೆ ನಾಲ್ಕು ಪಾಲು ಹೊರಗಾಳಿ ಬೆರೆತರೆ ಮಿಶ್ರಣದ ಇಬ್ಬನಿ ಬಿಂದು ಸುಮಾರು 16 ಡಿಗ್ರಿ. ಒಂದೇ ಪದರದ ವೈಸರ್‌ನ ಒಳಮೈ 12 ಡಿಗ್ರಿ ಇದ್ದರೆ ಮಬ್ಬು ಖಚಿತ. ಅದೇ ಒಂದು ಪಾಲು ಉಸಿರಿಗೆ ಇಪ್ಪತ್ತು ಪಾಲು ಹೊರಗಾಳಿ ಬೆರೆತರೆ ಇಬ್ಬನಿ ಬಿಂದು 9 ಡಿಗ್ರಿಗೆ ಇಳಿಯುತ್ತದೆ, ಅದೇ ವೈಸರ್ ಮೇಲೆ ಒಂದು ಹನಿಯೂ ಕೂರುವುದಿಲ್ಲ. ಆರಾಮವಾಗಿ ಕುಳಿತವರ ಉಸಿರು ನಿಮಿಷಕ್ಕೆ ಎಂಟು ಲೀಟರ್ ಎಂದುಕೊಂಡರೆ, ಇಪ್ಪತ್ತು ಪಾಲು ಎಂದರೆ ಸೆಕೆಂಡಿಗೆ ಮೂರು ಲೀಟರ್‌ಗೂ ಕಡಿಮೆ ಗಾಳಿ. ಓಡುತ್ತಿರುವ ಬೈಕ್ ಮೇಲೆ, ತೆರೆದಿರುವ ಒಂದು ಗಾಳಿಕಿಂಡಿಗೆ ಇದು ದೊಡ್ಡ ಕೆಲಸವಲ್ಲ.

ನಿಂತ ಬೈಕ್ ಮೇಲೆ ಅಷ್ಟೂ ಗಾಳಿ ಇಲ್ಲ. ಎದುರುಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ, ನಿಂತಾಗ ಸೊನ್ನೆ. ಹೊಳೆಯ ಪಕ್ಕದ ಚಳಿಯಲ್ಲಿ ಸರಾಗವಾಗಿ ಬಂದವರು ಪೇಟೆಯ ಮೊದಲ ಸಿಗ್ನಲ್‌ನಲ್ಲೇ ಕುರುಡಾಗುವುದು ಇದರಿಂದ. ಚಳಿ ಹೆಚ್ಚಾದ್ದರಿಂದ ಮಬ್ಬು ಹೆಚ್ಚಾಯಿತು ಎಂದು ಅವರು ಭಾವಿಸಿದ್ದರು. ಪೇಟೆಯೊಳಗೆ ಹೊಳೆಯ ಪಕ್ಕಕ್ಕಿಂತ ತುಸು ಬೆಚ್ಚಗೇ ಇರುತ್ತದೆ, ಕಡಿಮೆಯಾಗಿದ್ದು ಗಾಳಿ.

ಪಿನ್‌ಲಾಕ್ ಏನು ಮಾಡಿತು

ಪಿನ್‌ಲಾಕ್ ಎನ್ನುವುದು ವೈಸರ್ ಒಳಗೆ ಎರಡು ಪಿನ್‌ಗಳ ನಡುವೆ ಕೂರುವ ಇನ್ನೊಂದು ತೆಳು ಲೆನ್ಸ್. ಅದರ ಅಂಚಿನ ಸುತ್ತ ಸಿಲಿಕೋನ್ ಏಣು ಇರುತ್ತದೆ, ಅದು ವೈಸರ್‌ಗೆ ಒತ್ತಿ ಕೂತು ನಡುವೆ ಗಾಳಿಯ ಪದರವನ್ನು ಬಂಧಿಸುತ್ತದೆ. ಹೊರಗಿನ ಚಳಿ ಒಳಗಿನ ಲೆನ್ಸ್‌ಗೆ ಬೇಗ ತಲುಪುವುದಿಲ್ಲ, ಹೀಗಾಗಿ ಮುಖದ ಕಡೆಗಿನ ಮೈ ಬೆಚ್ಚಗಿರುತ್ತದೆ. ಜೊತೆಗೆ ಆ ಲೆನ್ಸ್‌ನ ಪ್ಲಾಸ್ಟಿಕ್ ಒಂದಿಷ್ಟು ತೇವವನ್ನು ಹೀರಿಕೊಳ್ಳುತ್ತದೆ. ವೈಸರ್ ಮಬ್ಬಿಗೆ ಇದಕ್ಕಿಂತ ನೆಚ್ಚಿಕೊಳ್ಳಬಹುದಾದ ಪರಿಹಾರ ನನಗೆ ಗೊತ್ತಿಲ್ಲ, ಕೊಳ್ಳುವಾಗಲೇ ಪಿನ್ ಇರುವ ವೈಸರ್ ಇರುವ ಹೆಲ್ಮೆಟ್ ಆರಿಸಿಕೊಳ್ಳಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಆದರೆ ಉಸಿರಿನ ನೀರು ಎಲ್ಲಿಗೂ ಹೋಗಿಲ್ಲ. ಮೊದಲು ತಣ್ಣನೆಯ ವೈಸರ್ ತನ್ನ ಮೈಮೇಲೆ ಆವಿಯನ್ನು ಹನಿಯಾಗಿಸಿಕೊಂಡು ಒಳಗಾಳಿಯನ್ನು ಸ್ವಲ್ಪ ಮಟ್ಟಿಗೆ ಒಣಗಿಸುತ್ತಿತ್ತು. ಈಗ ಆ ಮೈ ಬೆಚ್ಚಗಾಯಿತು. ಆವಿ ಗಾಳಿಯಲ್ಲೇ ಉಳಿದು, ಅದಕ್ಕೆ ಮುಂದಿನ ತಣ್ಣನೆಯ ಮೈ ಎಂದು ಸಿಕ್ಕಿದ್ದು ಕನ್ನಡಕ. ಇದಕ್ಕಿಂತ ದೊಡ್ಡ ಕಾರಣ ಅವರ ಅಭ್ಯಾಸದಲ್ಲಿತ್ತು. ವೈಸರ್ ಮಬ್ಬಾಗುತ್ತಿದ್ದಾಗ ಪ್ರತಿ ಸಿಗ್ನಲ್‌ನಲ್ಲೂ ಅದನ್ನು ಎತ್ತುತ್ತಿದ್ದರಲ್ಲ, ಆ ಒಂದು ಕ್ರಿಯೆಯಿಂದ ಹೆಲ್ಮೆಟ್ ಒಳಗಿನ ಹಬೆಯೆಲ್ಲ ಹೊರಹೋಗುತ್ತಿತ್ತು. ಕನ್ನಡಕ ಅಷ್ಟೋ ಇಷ್ಟೋ ಉಳಿದುಕೊಂಡಿದ್ದು ಅದರಿಂದಲೇ. ಪಿನ್‌ಲಾಕ್ ಬಂದ ಮೇಲೆ ವೈಸರ್ ಎತ್ತುವ ಕಾರಣವೇ ಇಲ್ಲವಾಯಿತು. ಸಿಗ್ನಲ್‌ನಲ್ಲಿ ಮುಚ್ಚಿದ ವೈಸರ್‌ನೊಳಗೆ ಅವರು ತಮ್ಮ ಉಸಿರಿನಲ್ಲೇ ಕೂತಿರುತ್ತಿದ್ದರು.

ಟಾರ್ಚ್ ಹಿಡಿದು ನೋಡಿದ್ದು

ಮಬ್ಬು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನೋಡದೆ ಯಾವ ಪರಿಹಾರವನ್ನೂ ಸೂಚಿಸಬಾರದು. ಬೈಕ್ ಸ್ಟ್ಯಾಂಡ್ ಹಾಕಿ, ಅವರು ದಿನವೂ ಹಾಕುವ ಎಲ್ಲವನ್ನೂ ಹಾಕಿಕೊಂಡು ಕೂರಲು ಹೇಳಿದೆ. ಪಕ್ಕದಿಂದ ಓರೆಯಾಗಿ ಮೊಬೈಲ್ ಟಾರ್ಚ್ ಬಿಟ್ಟೆ. ಓರೆ ಬೆಳಕಿನಲ್ಲಿ ಹನಿಗಳು ಬೆಳ್ಳಗೆ ಎದ್ದು ಕಾಣುತ್ತವೆ, ನೇರ ಬೆಳಕಿನಲ್ಲಿ ಅಷ್ಟು ತಿಳಿಯುವುದಿಲ್ಲ.

ಮೊದಲ ಉಸಿರು ಬಿಟ್ಟಾಗ ಎರಡೂ ಲೆನ್ಸ್‌ಗಳ ಕೆಳಗಿನ ಒಳಮೂಲೆಯಲ್ಲಿ, ಮೂಗಿನ ಎರಡೂ ಪಕ್ಕಕ್ಕೆ, ಉಗುರಿನಷ್ಟು ದೊಡ್ಡ ಬಿಳಿಯ ಅರ್ಧಚಂದ್ರ ಮೂಡಿತು. ಉಸಿರು ಎಳೆದುಕೊಂಡಾಗ ಅದು ಅಂಚಿಗೆ ಸರಿಯಿತು, ಪೂರ್ತಿ ಹೋಗಲಿಲ್ಲ. ಎರಡನೆಯ ಉಸಿರಿಗೆ ಇನ್ನಷ್ಟು ಮೇಲೇರಿತು. ಹೀಗೆ ಪ್ರತಿ ಉಸಿರಿಗೂ ಒಂದು ಹೆಜ್ಜೆ ಮೇಲೆ, ಅರ್ಧ ಹೆಜ್ಜೆ ಕೆಳಗೆ. ಒಂದು ನಿಮಿಷ ತುಂಬುವುದರೊಳಗೆ ಕಣ್ಣಪಾಪೆಯ ಮಟ್ಟಕ್ಕೆ ಬಂದಿತ್ತು. ವೈಸರ್‌ನಲ್ಲಿ ಪಿನ್‌ಲಾಕ್ ಮುಚ್ಚಿರುವ ಜಾಗವೆಲ್ಲ ತಿಳಿಯಾಗಿತ್ತು, ಅದರಾಚೆಯ ಅಂಚಿನಲ್ಲಿ ಮಾತ್ರ ಒಂದು ಬೆರಳಗಲ ಮಬ್ಬು. ಅದು ಇರಬೇಕಾದದ್ದೇ.

ಕನ್ನಡಕದ ಮೇಲೆಲ್ಲ ಒಂದೇ ಸಮ ಮಬ್ಬು ಹರಡಿದ್ದರೆ ಒಳಗಾಳಿಯೇ ಒಟ್ಟಾರೆ ತೇವವಾಗಿದೆ ಎಂದರ್ಥ. ಮೂಗಿನ ಪಕ್ಕದಿಂದ ಅರ್ಧಚಂದ್ರ ಏರುತ್ತಿದ್ದರೆ ಉಸಿರು ಬೆರೆಯುವ ಮೊದಲೇ ನೇರವಾಗಿ ಲೆನ್ಸ್‌ಗೆ ಬಡಿಯುತ್ತಿದೆ ಎಂದರ್ಥ. ಇಲ್ಲಿ ಎರಡನೆಯದು ಸ್ಪಷ್ಟವಾಗಿತ್ತು. ನೇರವಾಗಿ ಬಡಿಯುವ 34 ಡಿಗ್ರಿಯ ಉಸಿರಿನ ಮುಂದೆ ಯಾವ ಲೇಪವೂ ಹೆಚ್ಚು ಹೊತ್ತು ನಿಲ್ಲಲಾರದು.

ದಾರಿ ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ನಾಲ್ಕು ಸಂಗತಿ, ಒಂದಕ್ಕೊಂದು ಕೈಜೋಡಿಸಿದ್ದವು. ಅವರು ಚಳಿಗೆಂದು ದಪ್ಪ ಬಟ್ಟೆಯ ಬಾಲಕ್ಲಾವ (ತಲೆ, ಮುಖ, ಕತ್ತು ಮುಚ್ಚುವ ಮುಸುಕು) ಹಾಕಿ ಅದನ್ನು ಮೂಗಿನ ಮೇಲಿನವರೆಗೂ ಎಳೆದುಕೊಂಡಿದ್ದರು. ದಪ್ಪ ಬಟ್ಟೆಯನ್ನು ದಾಟಿ ಮುಂದೆ ಹೋಗುವುದಕ್ಕಿಂತ ಉಸಿರಿಗೆ ಮೂಗಿನ ಪಕ್ಕದ ಸಂದಿನಿಂದ ಮೇಲೇರುವುದು ಸುಲಭ. ಮೂಗಿನ ಸೇತುವೆಯ ಮೇಲೆ ಕೂತು ಉಸಿರನ್ನು ಕೆಳಕ್ಕೆ ತಿರುಗಿಸುವ ರಬ್ಬರ್ ಪಟ್ಟಿ ಹೆಲ್ಮೆಟ್ ಜೊತೆ ಬಂದಿತ್ತು, ಅದನ್ನು ಹಾಕದೆ ಪೆಟ್ಟಿಗೆಯಲ್ಲೇ ಬಿಟ್ಟಿದ್ದರು. ಗದ್ದದ ಕೆಳಗೆ ಗಾಳಿ ಬರದಂತೆ ತಡೆಯುವ ಬಟ್ಟೆಯ ಪರದೆಯನ್ನು ಮಾತ್ರ ಹಾಕಿಕೊಂಡಿದ್ದರು, ಅದರಿಂದ ಉಸಿರಿಗೆ ಕೆಳಗಿನ ಬಾಗಿಲೂ ಮುಚ್ಚಿತ್ತು. ಇನ್ನು ಗದ್ದದ ಮುಂದಿನ ಗಾಳಿಕಿಂಡಿ. ಹೊರಗಿನ ಗುಂಡಿ ತೆರೆದೇ ಇತ್ತು, ಒಳಗಿನ ಸ್ಪಂಜಿನ ತುಂಡು ಮಾತ್ರ ಧೂಳು ಕೂತು ಕರ್ರಗೆ ಗಟ್ಟಿಯಾಗಿತ್ತು. ಬೆರಳಿಟ್ಟು ಊದಿ ನೋಡಿದರೆ ಗಾಳಿ ಆಚೆ ಬರುತ್ತಲೇ ಇರಲಿಲ್ಲ.

ಉಸಿರಿಗೆ ದಾರಿ ಮಾಡಿಕೊಟ್ಟದ್ದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರವೂ ಟಾರ್ಚ್ ಬಿಟ್ಟು ನೋಡಿದೆವು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಬಾಲಕ್ಲಾವವನ್ನು ಕೆಳತುಟಿಯ ಕೆಳಗೆ ಇಳಿಸಿದ ಕೂಡಲೇ ಅರ್ಧಚಂದ್ರ ಅರ್ಧಕ್ಕಿಂತ ಚಿಕ್ಕದಾಯಿತು. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ವ್ಯತ್ಯಾಸ ತಂದದ್ದು ಈ ಒಂದು ಎಳೆತ, ಇದಕ್ಕೆ ಏನನ್ನೂ ಕೊಳ್ಳಬೇಕಾಗಿರಲಿಲ್ಲ. ಆಮೇಲೆ ಮೂಗಿನ ಪಟ್ಟಿ ಹಾಕಿದೆವು. ಅದರ ಅಂಚು ಮೂಗಿನ ಮೇಲೆ, ಕನ್ನಡಕದ ನೋಸ್ ಪ್ಯಾಡ್‌ಗಳ ಕೆಳಗೆ ಸರಿಯಾಗಿ ಕೂರಬೇಕು. ನೋಸ್ ಪ್ಯಾಡ್‌ಗೆ ತಗುಲಿ ಎತ್ತಿ ಹಿಡಿದರೆ ಸಂದು ಬಿಟ್ಟುಕೊಂಡು ಅದೇ ಸಂದಿನಿಂದ ಉಸಿರು ಇನ್ನೂ ರಭಸವಾಗಿ ಮೇಲೇರುತ್ತದೆ. ಇವರ ಹೆಲ್ಮೆಟ್‌ನಲ್ಲಿ ಪಟ್ಟಿಯನ್ನು ಬಗ್ಗಿಸಿ ಹೊಂದಿಸಲು ತಾಳ್ಮೆ ಬೇಕಾಯಿತು.

ಪಟ್ಟಿ ಹಾಕಿ ಗದ್ದದ ಪರದೆಯನ್ನು ಹಾಗೇ ಬಿಟ್ಟಾಗ ಒಂದು ವಿಷಯ ಕಾಣಿಸಿತು: ಮಬ್ಬು ತಡವಾಗಿ ಬಂತು, ಆದರೆ ಬಂತು, ಈ ಸಲ ಲೆನ್ಸ್ ತುಂಬ ಒಂದೇ ಸಮನಾಗಿ. ನೇರ ದಾರಿ ಮುಚ್ಚಿದ ಉಸಿರು ಹೊರಹೋಗಲು ಜಾಗವಿಲ್ಲದೆ ಒಳಗೆ ಸುತ್ತಿ ಇಡೀ ಹೆಲ್ಮೆಟ್ಟನ್ನು ತೇವ ಮಾಡಿತ್ತು. ಪರದೆ ತೆಗೆದ ಮೇಲೆ ಅದೂ ನಿಂತಿತು. ಗದ್ದದ ಪರದೆ ಗಾಳಿಯ ಸದ್ದು ಮತ್ತು ಚಳಿ ತಡೆಯಲು ಒಳ್ಳೆಯದು, ಕನ್ನಡಕದವರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಪರದೆ ತೆಗೆದ ಮೇಲೆ ಕತ್ತಿಗೆ ಚಳಿ ಹೊಡೆಯುತ್ತದೆ ಎಂದರು. ಕತ್ತಿನ ಸುತ್ತ ಮಾತ್ರ ಬರುವ, ಗದ್ದಕ್ಕಿಂತ ಮೇಲೇರದ ತೆಳು ಬಟ್ಟೆಯ ಕೊಳವೆಯಂಥ ಕತ್ತುಪಟ್ಟಿ ಸಾಕಾಯಿತು.

ಗಾಳಿಕಿಂಡಿಯ ಸ್ಪಂಜನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ ಹಾಕಿದ್ದರ ಫಲ ನಿಂತ ಬೈಕ್ ಮೇಲೆ ಏನೂ ಕಾಣಲಿಲ್ಲ, ಕಾಣಲೂ ಬಾರದು. ಓಡಿಸಿ ಬಂದ ಮೇಲೆ ಅವರೇ ಹೇಳಿದರು, ಸಿಗ್ನಲ್ ಬಿಟ್ಟು ಹೊರಟ ಕೆಲವು ಸೆಕೆಂಡುಗಳಲ್ಲಿ ಲೆನ್ಸ್ ತಾನಾಗಿ ತಿಳಿಯಾಗುತ್ತಿದೆ ಎಂದು. ನೆತ್ತಿಯ ಮುಂದಿನ ಮತ್ತು ಹಿಂದಿನ ಕಿಂಡಿಗಳನ್ನೂ ತೆರೆದಿಡಬೇಕು. ಗಾಳಿ ಒಳಬರುವುದಕ್ಕೆ ಹೊರಹೋಗುವ ದಾರಿಯೂ ಬೇಕು.

ಸಿಗ್ನಲ್‌ನಲ್ಲಿ ವೈಸರ್ ಎತ್ತುವ ಹಳೆಯ ಅಭ್ಯಾಸವನ್ನು ಮತ್ತೆ ತರಿಸಿದೆ. ಈ ಸಲ ಪೂರ್ತಿ ಎತ್ತುವುದು ಬೇಡ, ಮೊದಲ ಹಲ್ಲಿನಷ್ಟು (ವೈಸರ್ ತೆರೆದು ನಿಲ್ಲುವ ಮೊದಲ ಹಂತ) ಮಾತ್ರ, ಅದೂ ನಿಲ್ಲುವ ಮೊದಲೇ. ವೇಗ ಇಳಿಯುತ್ತಿರುವಾಗ ಒಂದು ಹಲ್ಲು ತೆರೆದರೆ ಉಳಿದ ವೇಗದ ಗಾಳಿಯೇ ಒಳಗಿನ ಹಬೆಯನ್ನು ಹೊರದೂಡುತ್ತದೆ. ಮಬ್ಬಾದ ಮೇಲೆ ತೆರೆದರೆ ಆ ಹನಿಗಳು ಆರುವವರೆಗೆ ಕಾಯಬೇಕು. ನಿಂತಿರುವಾಗ ಮೇಲ್ತುಟಿಯನ್ನು ತುಸು ಮುಂದೆ ಚಾಚಿ ಉಸಿರನ್ನು ಗದ್ದದ ಕಡೆಗೆ ಬಿಡುವುದನ್ನೂ ಅವರು ರೂಢಿಸಿಕೊಂಡರು.

ತಣ್ಣನೆಯ ಕನ್ನಡಕ

ಇಷ್ಟಾದ ಮೇಲೂ ಮನೆಯಿಂದ ಹೊರಟ ತಕ್ಷಣ, ಇನ್ನೂ ಗೇಟ್ ದಾಟುವ ಮುಂಚೆ, ಕನ್ನಡಕ ಒಮ್ಮೆ ಪೂರ್ತಿ ಬೆಳ್ಳಗಾಗುತ್ತಿತ್ತು. ಅವರು ಹೊರಡುವ ಕ್ರಮ ನೋಡಿದಾಗ ಕಾರಣ ಸಿಕ್ಕಿತು. ಹೆಲ್ಮೆಟ್ ಹಾಕಲು ಕನ್ನಡಕ ತೆಗೆದು ಪೆಟ್ರೋಲ್ ಟ್ಯಾಂಕ್ ಮೇಲಿಡುತ್ತಿದ್ದರು. ರಾತ್ರಿಯಿಡೀ ಬಯಲಲ್ಲಿ ನಿಂತ ಲೋಹದ ಟ್ಯಾಂಕ್ ಅದು. ಬಾಲಕ್ಲಾವ ಸರಿಮಾಡಿ, ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಆಮೇಲೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತೂರಿಸುವಷ್ಟರಲ್ಲಿ ಲೆನ್ಸ್ ಹೊರಗಿನಷ್ಟೇ ತಣ್ಣಗಾಗಿರುತ್ತಿತ್ತು. ಅದನ್ನು ಮುಖದ ಬೆಚ್ಚನೆಯ ತೇವಕ್ಕೆ ಒಯ್ದರೆ ಮಬ್ಬಾಗದೆ ಇನ್ನೇನಾದೀತು.

ಕನ್ನಡಕವನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಂಡು ಕೊನೆಯಲ್ಲಿ ಹಾಕಿಕೊಳ್ಳಲು ಹೇಳಿದೆ. ಆ ಮೊದಲ ಮಬ್ಬು ಅಂದಿನಿಂದಲೇ ನಿಂತಿತು. ಲೆನ್ಸ್ ತೆಳ್ಳಗಿರುವುದರಿಂದ ಬೇಗ ತಣ್ಣಗಾಗುತ್ತದೆ, ಅಷ್ಟೇ ಬೇಗ ಬೆಚ್ಚಗೂ ಆಗುತ್ತದೆ. ಹೊರಡುವ ಹೊತ್ತಿನ ಮಬ್ಬು ಒಂದೆರಡು ನಿಮಿಷದ ಕಾಟ, ಆದರೆ ಆ ಒಂದೆರಡು ನಿಮಿಷದಲ್ಲೇ ಗೇಟ್, ತಿರುವು, ಮುಖ್ಯರಸ್ತೆ ಎಲ್ಲ ಬಂದುಬಿಡುತ್ತದೆ.

ಹೆಲ್ಮೆಟ್‌ನ ಕೆನ್ನೆಯ ಪ್ಯಾಡ್‌ಗಳು ಫ್ರೇಮನ್ನು ಮುಖಕ್ಕೆ ಒತ್ತುತ್ತಿದ್ದುದೂ ಕಂಡಿತು. ರೆಪ್ಪೆ ಲೆನ್ಸ್‌ಗೆ ತಾಗುವಷ್ಟು ಹತ್ತಿರವಾದರೆ ನಡುವೆ ಗಾಳಿ ಆಡುವುದಿಲ್ಲ. ಕನ್ನಡಕದಂಗಡಿಯಲ್ಲಿ ನೋಸ್ ಪ್ಯಾಡ್ ಸ್ವಲ್ಪ ಮುಂದಕ್ಕೆ ಸರಿಮಾಡಿಸಿಕೊಂಡು ಬಂದರು.

ಸೋಪು ಏಕೆ ನಿಲ್ಲಲಿಲ್ಲ

ಮೇಲ್ಮೈಗೆ ಬಳಿಯುವ ವಿಷಯಕ್ಕೆ ಬರುವುದು ಇಷ್ಟೆಲ್ಲ ಆದ ಮೇಲೆ. ಸವಾರರು ಮೊದಲಿನಿಂದ ಮಾಡಿಕೊಂಡು ಬಂದಿದ್ದು ಪಾತ್ರೆ ತೊಳೆಯುವ ದ್ರವದ ಪ್ರಯೋಗ. ಹಳೆಯ ವೈಸರ್ ಮೇಲೆ ಅದು ಒಂದಷ್ಟು ಕೆಲಸ ಮಾಡಿತ್ತು, ಕನ್ನಡಕದ ಮೇಲೆ ಒಂದು ದಿನವೂ ಮಾಡಿರಲಿಲ್ಲ. ಅವರಿಗೆ ಇದು ಒಗಟಾಗಿತ್ತು.

ಸೋಪು ಹಬೆಯನ್ನು ತಡೆಯುವುದಿಲ್ಲ. ನೀರು ಅಷ್ಟೇ ಕೂರುತ್ತದೆ, ಕೂರುವ ರೀತಿ ಬದಲಾಗುತ್ತದೆ. ಶುದ್ಧ ನೀರಿನ ಮೇಲ್ಮೈ ಸೆಳೆತ ಮೀಟರ್‌ಗೆ ಸುಮಾರು 72 ಮಿಲಿನ್ಯೂಟನ್. ಸೋಪಿನಂಥ ವಸ್ತು ಬೆರೆತರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಗ ನೀರು ಗುಂಡನೆಯ ಹನಿಗಳಾಗಿ ನಿಂತು ಬೆಳಕನ್ನು ಚದುರಿಸುವ ಬದಲು ತೆಳು ಪೊರೆಯಾಗಿ ಹರಡುತ್ತದೆ, ಪೊರೆಯ ಮೂಲಕ ರಸ್ತೆ ಕಾಣುತ್ತದೆ. ಇದು ನಡೆಯಬೇಕಾದರೆ ಸೋಪಿನ ಪದರ ಮೇಲ್ಮೈಗೆ ಅಂಟಿಕೊಂಡಿರಬೇಕು. ಅವರ ಕನ್ನಡಕಕ್ಕೆ ಪ್ರತಿಫಲನ ತಡೆಯುವ ಕೋಟಿಂಗ್ ಇತ್ತು. ಅಂಥ ಬಹಳಷ್ಟು ಲೆನ್ಸ್‌ಗಳ ಅತಿ ಮೇಲಿನ ಪದರ ನೀರನ್ನೂ ಎಣ್ಣೆಯನ್ನೂ ಹತ್ತಿರ ಸೇರಿಸದಂತೆ ಮಾಡಿರುವುದು, ಬೆರಳ ಗುರುತು ಸುಲಭವಾಗಿ ಒರೆಸಿ ಹೋಗಲೆಂದು. ಆ ಪದರದ ಮೇಲೆ ಸೋಪೂ ನಿಲ್ಲುವುದಿಲ್ಲ, ಒರೆಸುವಾಗ ಬಟ್ಟೆಯ ಜೊತೆ ಹೊರಟುಹೋಗುತ್ತದೆ. ಹಬೆ ಮಾತ್ರ ಅಲ್ಲಿ ಇನ್ನೂ ಗುಂಡಗಿನ ಹನಿಗಳಾಗಿ, ಇನ್ನೂ ಬೆಳ್ಳಗೆ ಕೂರುತ್ತದೆ.

ಇಂಥ ಕೋಟಿಂಗ್ ಇರುವ ಲೆನ್ಸ್‌ಗೆಂದೇ ಮಾಡಿದ ಹಬೆ ನಿರೋಧಕ ಒರೆಸುಬಟ್ಟೆಗಳು ಸಿಗುತ್ತವೆ, ಅವುಗಳಲ್ಲೊಂದು ಇವರಿಗೆ ಒಗ್ಗಿತು. ಲೆನ್ಸ್ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಅದರಿಂದ ಒರೆಸಬೇಕು. ನಡುವೆ ದುಪಟ್ಟದ ತುದಿಯಿಂದಲೋ ಶರ್ಟಿನ ಅಂಚಿನಿಂದಲೋ ಒರೆಸಿದರೆ ಲೇಪವೂ ಹೋಗುತ್ತದೆ. ಮುಂದಿನ ಸಲ ಹೊಸ ಲೆನ್ಸ್ ಹಾಕಿಸುವಾಗ ಹಬೆ ನಿರೋಧಕ ಕೋಟಿಂಗ್ ಇರುವುದನ್ನೇ ಕೇಳಿ ಮಾಡಿಸುವಂತೆ ಹೇಳಿದ್ದೇನೆ.

ಸೋಪಿನ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. 2001ರಲ್ಲಿ ಕೆನಡಾದ ಗಗನಯಾನಿ ಕ್ರಿಸ್ ಹ್ಯಾಡ್‌ಫೀಲ್ಡ್ ಬಾಹ್ಯಾಕಾಶದಲ್ಲಿ ಮೊದಲ ಸಲ ನೌಕೆಯಿಂದ ಹೊರಗೆ ಕೆಲಸಕ್ಕಿಳಿದಿದ್ದಾಗ ಎರಡೂ ಕಣ್ಣು ಉರಿದು, ನೀರು ತುಂಬಿ, ಸ್ವಲ್ಪ ಹೊತ್ತು ಏನೂ ಕಾಣದಂತಾಗಿತ್ತು. ಕಾರಣ, ಹೆಲ್ಮೆಟ್ಟಿನ ವೈಸರ್ ಒಳಮೈಗೆ ಹಬೆ ಕೂರದಿರಲೆಂದು ಬಳಿದಿದ್ದ ದ್ರಾವಣ. ಬೈಕ್ ಸವಾರರಿಗೂ ಇದೇ ಆಗುತ್ತದೆ: ದಪ್ಪಗೆ ಬಳಿದ ಸೋಪು ಹಬೆಯಲ್ಲಿ ಕರಗಿ ತೊಟ್ಟಿಕ್ಕಿ, ಇಲ್ಲವೇ ಒರೆಸಿದ ಬೆರಳಿನಿಂದ ಕಣ್ಣಿಗೆ ಸೇರುತ್ತದೆ. ಪಿನ್‌ಲಾಕ್ ಇಲ್ಲದವರು ವೈಸರ್‌ಗೆ ಸೋಪು ಹಚ್ಚುವುದಾದರೆ ಒಂದು ಸಣ್ಣ ಹನಿ ಸಾಕು. ಹರಡಿ, ಒಣಗಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಏನೂ ಕಾಣದಷ್ಟು ಉಜ್ಜಬೇಕು. ಗೆರೆಗೆರೆಯಾಗಿ ಉಳಿದರೆ ರಾತ್ರಿ ಎದುರಿನ ದೀಪಗಳ ಸುತ್ತ ಪ್ರಭಾವಳಿ ಮೂಡುತ್ತದೆ. ಟೂತ್‌ಪೇಸ್ಟ್ ಎಂದೂ ಬೇಡ, ಅದರಲ್ಲಿರುವ ಉಜ್ಜುವ ಪುಡಿ ವೈಸರ್‌ನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮೇಲೆ ಗೀರೆಳೆಯುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಆ ಪ್ಲಾಸ್ಟಿಕ್‌ಗೆ ಆಗದು.

ಪಿನ್‌ಲಾಕ್ ಮೇಲಂತೂ ಸ್ಪ್ರೇ, ಸೋಪಿನ ಲೇಪ ಯಾವುದನ್ನೂ ಹಾಕಬಾರದು. ಇವರು ಒಂದು ಕೈ ಹೆಚ್ಚಿರಲಿ ಎಂದು ಸ್ಪ್ರೇ ಹೊಡೆದು ನೋಡಿದ್ದರು, ಅಲ್ಲಲ್ಲಿ ಪಟ್ಟೆ ಬಿದ್ದಿತ್ತು. ತೇವ ಹೀರುವ ಮೈಗೆ ಮೇಲಿಂದ ಪೊರೆ ಕಟ್ಟಿದರೆ ಅದು ಹೀರುವುದಾದರೂ ಹೇಗೆ. ಉಗುರುಬೆಚ್ಚನೆ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ, ಬೆರಳ ತುದಿಯಿಂದ ತೇಲಿಸಿ ತೊಳೆದು, ಉಜ್ಜದೆ ಗಾಳಿಗೆ ಒಣಗಲು ಬಿಟ್ಟೆವು. ಒದ್ದೆಯಿದ್ದಾಗ ಆ ಲೆನ್ಸ್ ಮೆತ್ತಗಿರುತ್ತದೆ, ಆಗಲೇ ಗೀರು ಬೀಳುವುದು.

ಹಬೆ ನಿರೋಧಕ ಎಂದು ಬರೆದಿರುವ ವಸ್ತುಗಳಿಂದ ಎಷ್ಟು ನಿರೀಕ್ಷಿಸಬೇಕು ಎಂಬುದಕ್ಕೆ ಮಾನಕಗಳನ್ನೇ ನೋಡಬಹುದು. ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಇಎನ್ 166 ಮಾನಕದಲ್ಲಿ ಸುರಕ್ಷಾ ಕನ್ನಡಕಕ್ಕೆ 'ಎನ್' ಗುರುತು ಸಿಗಬೇಕಾದರೆ 50 ಡಿಗ್ರಿ ನೀರಿನ ಹಬೆಯ ಮೇಲೆ ಅದು ಕನಿಷ್ಠ 8 ಸೆಕೆಂಡು ತಿಳಿಯಾಗಿರಬೇಕು. ಪರೀಕ್ಷೆ ಕಠಿಣ, ನಿಜ. ಆದರೆ ಅಳತೆ ಸೆಕೆಂಡುಗಳಲ್ಲಿದೆ. ಸಿಗ್ನಲ್ ನಿಮಿಷಗಳಲ್ಲಿರುತ್ತದೆ. ಉಸಿರಿನ ದಾರಿ ಸರಿಮಾಡದೆ ಲೇಪವನ್ನು ನಂಬಿಕೊಂಡರೆ ಸಾಲದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಮಳೆಯಲ್ಲಿ

ಚಳಿಗಾಲದ ನಸುಕು ಹೀಗೆ ಹಿಡಿತಕ್ಕೆ ಬಂತು. ಮಳೆಗಾಲ ಬಂದಾಗ ಅವರು ಮತ್ತೆ ಬಂದರು: "ಈಗ ಚಳೀನೇ ಇಲ್ಲ, ಆದ್ರೂ ಮಬ್ಬು!"

ಮಳೆ ಸುರಿಯುವಾಗ 20 ಡಿಗ್ರಿ ಇದೆ ಎಂದುಕೊಳ್ಳಿ. ಹೊರಗಾಳಿಯಲ್ಲೇ ಘನ ಮೀಟರ್‌ಗೆ 17 ಗ್ರಾಂ ಆವಿ, ಅದರ ಇಬ್ಬನಿ ಬಿಂದುವೇ 20ರ ಹತ್ತಿರ. ಎಷ್ಟು ಪಾಲು ಹೊರಗಾಳಿ ಬೆರೆಸಿದರೂ ಒಳಗಿನ ಇಬ್ಬನಿ ಬಿಂದು ಅದಕ್ಕಿಂತ ಕೆಳಗಿಳಿಯದು. ಮೇಲೆ ಹರಿಯುವ ಮಳೆನೀರು ವೈಸರನ್ನು ಅದೇ ಉಷ್ಣಾಂಶದಲ್ಲಿ ಹಿಡಿದಿಟ್ಟಿರುತ್ತದೆ. ಅಂದರೆ ಗಾಳಿಯಾಡಿಸುವ ಉಪಾಯಕ್ಕೆ ಉಳಿಯುವ ಅಂತರ ಕೂದಲೆಳೆಯಷ್ಟು. 5 ಡಿಗ್ರಿಯ ಒಣ ಚಳಿ 20 ಡಿಗ್ರಿಯ ಮಳೆಗಿಂತ ಸಲೀಸು ಎಂದರೆ ಬಹಳ ಜನ ನಂಬುವುದಿಲ್ಲ, ಲೆಕ್ಕ ಹಾಗೇ ಇದೆ. ಮಳೆಯಲ್ಲಿ ಪಿನ್‌ಲಾಕ್‌ನ ನಿಜವಾದ ಬೆಲೆ ತಿಳಿಯುತ್ತದೆ, ಏಕೆಂದರೆ ಅದು ಗಾಳಿಯನ್ನು ನಂಬದೆ ಮೇಲ್ಮೈಯನ್ನೇ ಬೆಚ್ಚಗಿಡುತ್ತದೆ.

ಇವರ ಹೆಲ್ಮೆಟ್ಟಿನಲ್ಲಿ ಇನ್ನೊಂದು ಗುಪ್ತ ನೀರಿನ ಮೂಲವಿತ್ತು. ಹಿಂದಿನ ದಿನ ನೆನೆದ ಕೆನ್ನೆಯ ಪ್ಯಾಡ್‌ಗಳು ಬೆಳಗಿನ ಹೊತ್ತಿಗೂ ಆರಿರಲಿಲ್ಲ. ಒತ್ತಿ ನೋಡಿದರೆ ಬೆರಳಿಗೆ ತಣ್ಣನೆ ತೇವ ತಾಗುತ್ತಿತ್ತು. ಮುಖದ ಬಿಸಿಗೆ ಆ ನೀರು ಆವಿಯಾಗಿ ಉಸಿರಿನ ಹಬೆಗೆ ಸೇರುತ್ತಿತ್ತು. ರಾತ್ರಿ ಹೆಲ್ಮೆಟ್ಟನ್ನು ಸೀಟಿನ ಕೆಳಗೋ ಚೀಲದೊಳಗೋ ಇಡದೆ, ಪ್ಯಾಡ್ ಬಿಚ್ಚಿ ಫ್ಯಾನ್ ಕೆಳಗೆ ಹರಡಲು ಶುರುಮಾಡಿದ ಮೇಲೆ ಮಳೆಯ ದಿನಗಳೂ ಸುಧಾರಿಸಿದವು. ಒಂದು ದಿನ ವೈಸರ್ ಮತ್ತು ಪಿನ್‌ಲಾಕ್ ನಡುವೆಯೇ ಹನಿಗಳು ಕಂಡವು. ಅದು ಸಿಲಿಕೋನ್ ಏಣು ಬಿಟ್ಟುಕೊಂಡಿರುವ ಲಕ್ಷಣ. ಲೆನ್ಸ್ ಬಿಚ್ಚಿ, ಎರಡನ್ನೂ ಒಣಗಿಸಿ, ಪಿನ್‌ಗಳನ್ನು ತುಸು ತಿರುಗಿಸಿ ಬಿಗಿ ಮಾಡಿದ ಮೇಲೆ ಏಣು ಸುತ್ತಲೂ ಕೂತಿತು. ಅತಿಯಾಗಿ ಬಿಗಿದರೆ ವೈಸರ್ ಮೇಲೆ ಗುರುತು ಬೀಳುತ್ತದೆ, ಕಾಲು ಸುತ್ತು ತಿರುಗಿಸಿ ನೋಡುವುದು ಒಳ್ಳೆಯದು.

ಬೆವರಿನ ಪಾಲನ್ನೂ ಮರೆಯುವಂತಿಲ್ಲ. 1966ರ ಜೂನ್ 5ರಂದು ಜೆಮಿನಿ 9ಎ ಬಾಹ್ಯಾಕಾಶ ಯಾನದಲ್ಲಿ ಅಮೆರಿಕದ ಗಗನಯಾನಿ ಯೂಜೀನ್ ಸರ್ನನ್ ನೌಕೆಯ ಹೊರಗೆ ಎರಡು ತಾಸಿಗೂ ಹೆಚ್ಚು ಹೊತ್ತು ಸೆಣಸಾಡಿದಾಗ, ಅವರ ಮೈಯ ಬಿಸಿ ಮತ್ತು ತೇವವನ್ನು ಉಡುಪಿನ ವ್ಯವಸ್ಥೆ ತೆಗೆಯಲಾರದೆ ವೈಸರ್ ಮಬ್ಬಾಗಿ, ಕೊನೆಗೆ ಅಂದಿನ ಮುಖ್ಯ ಪ್ರಯೋಗವನ್ನೇ ಕೈಬಿಡಬೇಕಾಯಿತು. ನಮ್ಮ ಸವಾರರು ತಡವಾಯಿತೆಂದು ಮೆಟ್ಟಿಲಿಳಿದು ಓಡಿಬಂದು, ಎರಡು ಬೈಕುಗಳ ಸಂದಿನಿಂದ ತಮ್ಮ ಬೈಕ್ ಎಳೆದು ತೆಗೆದು, ಏದುಸಿರಿನಲ್ಲೇ ವೈಸರ್ ಮುಚ್ಚಿಕೊಂಡ ದಿನಗಳಲ್ಲಿ ಮಬ್ಬು ಹೆಚ್ಚಿರುತ್ತಿತ್ತು. ಈಗ ಬೈಕ್ ಹೊರತೆಗೆದ ಮೇಲೆ ಹೆಲ್ಮೆಟ್ ಹಾಕುತ್ತಾರೆ, ಉಸಿರು ಹತೋಟಿಗೆ ಬರುವವರೆಗೆ ವೈಸರ್ ತೆರೆದಿರುತ್ತಾರೆ.

ಈಗಿನ ಸ್ಥಿತಿ

ಒಣ ಚಳಿಯಲ್ಲಿ ಇವರಿಗೆ ಈಗ ಮಬ್ಬಿನ ತೊಂದರೆ ಇಲ್ಲವೆಂದೇ ಹೇಳಬಹುದು. ದೀರ್ಘ ಸಿಗ್ನಲ್‌ನಲ್ಲಿ ಮೂಗಿನ ಪಕ್ಕದ ಅರ್ಧಚಂದ್ರ ಸಣ್ಣದಾಗಿ ಮೂಡುತ್ತದೆ, ಹೊರಟ ಕೂಡಲೇ ಹೋಗುತ್ತದೆ. ಜೋರು ಮಳೆಯಲ್ಲಿ ನಿಧಾನ ಸಾಗುವ ವಾಹನಗಳ ಸಾಲಿಗೆ ಸಿಕ್ಕಿಕೊಂಡಾಗ ಮಾತ್ರ ಕನ್ನಡಕ ಇನ್ನೂ ಮಬ್ಬಾಗುತ್ತದೆ. ಅದಕ್ಕೆ ಪೂರ್ತಿ ಪರಿಹಾರ ನಾವು ಕಂಡುಕೊಂಡಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಯೋಚಿಸಿದರು, ಅವರ ಕಣ್ಣು ಬೇಗ ಒಣಗುವ ಸ್ವಭಾವದ್ದು, ಗಾಳಿಕಿಂಡಿ ತೆರೆದಿಟ್ಟು ಓಡಿಸುವವರಿಗೆ ಅದು ಇನ್ನೂ ಕಷ್ಟ. ಕಣ್ಣಿನ ವೈದ್ಯರ ಸಲಹೆಯ ಮೇಲೆ ಸದ್ಯಕ್ಕೆ ಬಿಟ್ಟಿದ್ದಾರೆ. ಮುಂದಿನ ಹೆಲ್ಮೆಟ್ ಕೊಳ್ಳುವಾಗ ಗದ್ದದ ಭಾಗ ಪೂರ್ತಿ ಮೇಲೇಳುವಂಥದ್ದನ್ನು ನೋಡುವುದಾಗಿ ಹೇಳಿದ್ದಾರೆ, ಕನ್ನಡಕ ತೆಗೆಯದೆ ಹಾಕಿಕೊಳ್ಳಬಹುದು, ಸಾಲಿನಲ್ಲಿ ನಿಂತಾಗ ಗದ್ದ ಎತ್ತಿ ಉಸಿರಾಡಬಹುದು. ಆ ಭಾಗ ಮುಚ್ಚಿ ಬೀಗ ಬಿದ್ದ ಮೇಲಷ್ಟೇ ಹೊರಡಬೇಕು.

ಓಡಿಸುತ್ತಿರುವಾಗಲೇ ಹಠಾತ್ತಾಗಿ ಮಬ್ಬಾದರೆ ಏನು ಮಾಡಬೇಕೆಂದು ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿಸಿದ್ದೇನೆ. ಆಕ್ಸಿಲರೇಟರ್ ಬಿಡುವುದು, ಎಡಗೈಯಿಂದ ವೈಸರ್ ಒಂದು ಹಲ್ಲು ತೆರೆಯುವುದು, ಉಸಿರನ್ನು ಕೆಳಕ್ಕೆ ಬಿಡುವುದು, ಇಂಡಿಕೇಟರ್ ಹಾಕಿ ರಸ್ತೆಯ ಅಂಚಿಗೆ ಸರಿಯುವುದು. ಕನ್ನಡಕಕ್ಕೆ ಕೈ ಹಾಕುವುದು ಬೈಕ್ ನಿಂತು, ಎರಡೂ ಕಾಲು ನೆಲಕ್ಕೂರಿದ ಮೇಲೆ.